ಕಾಲವನ್ನು ಕಡಲಿಗೊಯ್ದ ಬಡಗಿ: ಜಾನ್ ಹ್ಯಾರಿಸನ್

ಊರಿನಿಂದ ಅಪ್ಪ-ಅಮ್ಮನೋ ಅತ್ತೆ-ಮಾವನೋ ಬಂದರೆ ನಾವು ಅವರನ್ನು ಕರೆದೊಯ್ಯುವ ಸ್ಥಳಗಳ ಪಟ್ಟಿ ಇಲ್ಲಿನ ಕನ್ನಡಿಗರ ಮನೆಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ. ಬಕಿಂಗ್‌ಹ್ಯಾಮ್ ಅರಮನೆ, ಟವರ್ ಬ್ರಿಜ್, ಮೇಣದ ಗೊಂಬೆಗಳು. ಬಿಸಿಲಿದ್ದರೆ ಥೇಮ್ಸ್ ನದಿಯಲ್ಲಿ ದೋಣಿ ಹತ್ತಿ ಗ್ರೀನಿಚ್. ಅಲ್ಲಿ ಗುಡ್ಡ ಏರಿ, ನೆಲದಲ್ಲಿ ಕೂರಿಸಿದ ಲೋಹದ ಗೆರೆಯ ಆಚೆಗೊಂದು ಈಚೆಗೊಂದು ಕಾಲಿಟ್ಟು ಫೋಟೋ ತೆಗೆಸಿಕೊಂಡರೆ ಯಾತ್ರೆ ಮುಗಿಯಿತು. ಪೂರ್ವಾರ್ಧ, ಪಶ್ಚಿಮಾರ್ಧಗಳೆರಡನ್ನೂ ಒಂದೇ ಸಲಕ್ಕೆ ಮೆಟ್ಟಿ ನಿಂತ ಸಂತೋಷ! ಆದರೆ ಅದೇ ವೀಕ್ಷಣಾಲಯದ ಸಂಗ್ರಹದಲ್ಲಿರುವ ನಾಲ್ಕು ಹಳೆಯ ಗಡಿಯಾರಗಳ ಮುಂದೆ ಹತ್ತು ನಿಮಿಷ ನಿಲ್ಲುವವರು ಕಡಿಮೆ. ಮೊದಲ ಮೂರು ಹಿತ್ತಾಳೆಯ ದೊಡ್ಡ ಯಂತ್ರಗಳು. ನಾಲ್ಕನೆಯದು ಸ್ವಲ್ಪ ದೊಡ್ಡ ಜೇಬುಗಡಿಯಾರದಂತೆ ಕಾಣುವ ವಸ್ತು. ಇವನ್ನು ಮಾಡಿದವನು ಯಾವ ಗಡಿಯಾರದವನ ಕೈಕೆಳಗೂ ಕೆಲಸ ಕಲಿಯದ ಒಬ್ಬ ಹಳ್ಳಿಯ ಬಡಗಿ. ಅವನ ಆಯುಷ್ಯದ ಅರ್ಧಭಾಗ ಇವನ್ನು ಮಾಡುವುದರಲ್ಲಿ, ಮತ್ತು ಮಾಡಿದ್ದೇನೆಂದು ದೊಡ್ಡವರನ್ನು ಒಪ್ಪಿಸುವುದರಲ್ಲಿ ಕಳೆಯಿತು.

ಅವನ ಕಥೆ ತಿಳಿಯಬೇಕಾದರೆ ಮೊದಲು ಅವನು ಬಿಡಿಸಿದ ಒಗಟನ್ನು ತಿಳಿಯಬೇಕು. ನಡುಗಡಲಿನಲ್ಲಿರುವ ಹಡಗಿನವರಿಗೆ ತಾವು ಎಲ್ಲಿದ್ದೇವೆಂದು ಗೊತ್ತಾಗುವುದು ಹೇಗೆ? ಉತ್ತರ-ದಕ್ಷಿಣದ ಲೆಕ್ಕ, ಅಂದರೆ ಅಕ್ಷಾಂಶ, ಸುಲಭ. ಮಧ್ಯಾಹ್ನದ ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆ, ಇರುಳಿನಲ್ಲಿ ಧ್ರುವ ನಕ್ಷತ್ರ ಎಷ್ಟು ಮೇಲಿದೆ ಎಂದು ಅಳೆದರೆ ಆಯಿತು. ಪೂರ್ವ-ಪಶ್ಚಿಮದ ಲೆಕ್ಕವಾದ ರೇಖಾಂಶಕ್ಕೆ ಆಕಾಶದಲ್ಲಿ ಹಾಗೆ ಗುರುತಿನ ಕಂಬವಿಲ್ಲ. ಭೂಮಿ 24 ಗಂಟೆಗೆ ಒಂದು ಸುತ್ತು, ಅಂದರೆ 360 ಡಿಗ್ರಿ ತಿರುಗುತ್ತದೆ. ಗಂಟೆಗೆ 15 ಡಿಗ್ರಿ, ಒಂದು ಡಿಗ್ರಿಗೆ 4 ನಿಮಿಷ. ಹಳೆಯ ಲೆಕ್ಕದಲ್ಲಿ ಹೇಳುವುದಾದರೆ ಒಂದು ಘಳಿಗೆಗೆ 6 ಡಿಗ್ರಿ. ಆದ್ದರಿಂದ ಹಡಗಿನಲ್ಲಿ ಸೂರ್ಯ ನೆತ್ತಿಗೆ ಬಂದ ಕ್ಷಣದಲ್ಲಿ ಹೊರಟ ಊರಿನಲ್ಲಿ ಎಷ್ಟು ಹೊತ್ತಾಗಿದೆ ಎಂದು ಗೊತ್ತಾದರೆ ಸಾಕು, ಎರಡರ ವ್ಯತ್ಯಾಸವೇ ದೂರದ ಲೆಕ್ಕ. ಊರಿಗೆ ಫೋನ್ ಮಾಡುವ ಮುಂಚೆ ಅಲ್ಲಿ ಈಗ ಎಷ್ಟು ಗಂಟೆ ಎಂದು ನಾವು ಬೆರಳೆಣಿಸುತ್ತೇವಲ್ಲ, ಅದೇ ಲೆಕ್ಕ ತಿರುಗಮುರುಗ. ಭಾರತದ ಸಮಯ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿರುವುದೂ 82 ಡಿಗ್ರಿ 30 ಮಿನಿಟಿನ ಪೂರ್ವ ರೇಖಾಂಶವನ್ನು ಆಧಾರವಾಗಿ ಇಟ್ಟುಕೊಂಡದ್ದರಿಂದ. 1906ರ ಜನವರಿ 1ರಿಂದ ಅದು ಜಾರಿಗೆ ಬಂತು. ಬೆಂಗಳೂರು ಆ ರೇಖೆಗಿಂತ ಸುಮಾರು 5 ಡಿಗ್ರಿ ಪಶ್ಚಿಮಕ್ಕಿರುವುದರಿಂದ ಅಲ್ಲಿನ ನಿಜವಾದ ನಡುಹಗಲು ಗಡಿಯಾರದ ಹನ್ನೆರಡಕ್ಕಿಂತ ಸರಾಸರಿ 20 ನಿಮಿಷ ತಡ.

ತತ್ವ ಹೊಸದೇನಲ್ಲ. ನಮ್ಮ ಸಿದ್ಧಾಂತ ಗ್ರಂಥಗಳವರು ಉಜ್ಜಯಿನಿಯ ಮಧ್ಯರೇಖೆಯಿಂದ ದೇಶಾಂತರವನ್ನು ಕಾಣಲು ಚಂದ್ರಗ್ರಹಣ ಲೆಕ್ಕಕ್ಕೆ ಬಂದ ಹೊತ್ತಿಗೂ ಕಣ್ಣಿಗೆ ಬಿದ್ದ ಹೊತ್ತಿಗೂ ಇರುವ ಅಂತರವನ್ನು ಬಳಸಿದ್ದರು. ಆದರೆ ನಾವಿಕನಿಗೆ ಬೇಕಾದದ್ದು ಪ್ರತಿದಿನ. ಗ್ರಹಣ ಪ್ರತಿದಿನ ಬರುವುದಿಲ್ಲ. ಊರಿನ ಸಮಯ ತೋರಿಸುವ ಗಡಿಯಾರವೊಂದನ್ನು ಹಡಗಿನಲ್ಲಿ ಇಟ್ಟುಕೊಂಡರೆ ಆಗದೇ ಎಂದರೆ, ಆಗುತ್ತಿರಲಿಲ್ಲ. ಆಗಿನ ಕಾಲಕ್ಕೆ ನಿಖರವಾದದ್ದು ಲೋಲಕದ ಗಡಿಯಾರ. ಅಲೆಯ ಮೇಲೆ ಹಡಗು ಹೊಯ್ದಾಡಿದರೆ ಲೋಲಕಕ್ಕೆ ದಿಕ್ಕು ತಪ್ಪುತ್ತದೆ. ಜೇಬುಗಡಿಯಾರಗಳೋ, ನೆಲದ ಮೇಲೇ ದಿನಕ್ಕೆ ಒಂದು ನಿಮಿಷ ಹಿಂದೆ ಮುಂದೆ ಓಡುವಂಥವು. ಬಿಸಿಗೆ ಲೋಹ ಹಿಗ್ಗುತ್ತದೆ, ಚಳಿಗೆ ಎಣ್ಣೆ ಗಟ್ಟಿಯಾಗುತ್ತದೆ, ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ.

ಇದರ ಬೆಲೆಯನ್ನು ಪ್ರಾಣದಲ್ಲಿ ತೆರಬೇಕಾಗಿತ್ತು. 1707ರ ಅಕ್ಟೋಬರಿನಲ್ಲಿ ಮೆಡಿಟರೇನಿಯನ್ ಕಡೆಯಿಂದ ಮನೆಗೆ ಮರಳುತ್ತಿದ್ದ ಬ್ರಿಟಿಷ್ ನೌಕಾಪಡೆ ತಾನೆಲ್ಲಿದ್ದೇನೆಂಬ ಲೆಕ್ಕ ತಪ್ಪಿ, ಕಾರ್ನ್‌ವಾಲ್ ತುದಿಯ ಸಿಲ್ಲಿ ದ್ವೀಪಗಳ ಬಂಡೆಗಳಿಗೆ ಅಪ್ಪಳಿಸಿತು. ನಾಲ್ಕು ಹಡಗುಗಳು ಮುಳುಗಿದವು. ಸೇನಾಪತಿ ಕ್ಲೌಡೆಸ್ಲಿ ಶೊವೆಲ್‌ನೊಡನೆ ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. 1714ರಲ್ಲಿ ಸಂಸತ್ತು ಶಾಸನ ಮಾಡಿ ಬಹುಮಾನ ಘೋಷಿಸಿತು. ಇಂಗ್ಲೆಂಡಿನಿಂದ ವೆಸ್ಟ್ ಇಂಡೀಸಿಗೆ ಹೋಗಿ ಮುಟ್ಟುವಷ್ಟರಲ್ಲಿ ರೇಖಾಂಶದ ಲೆಕ್ಕ ಅರ್ಧ ಡಿಗ್ರಿಯೊಳಗೆ ಸರಿಯಿದ್ದರೆ 20,000 ಪೌಂಡ್. ಅರ್ಧ ಡಿಗ್ರಿ ಎಂದರೆ 2 ನಿಮಿಷ; ಆರು ವಾರದ ಪಯಣದಲ್ಲಿ ದಿನಕ್ಕೆ 3 ಸೆಕೆಂಡಿಗಿಂತ ಹೆಚ್ಚು ತಪ್ಪುವಂತಿಲ್ಲ. ತೀರ್ಪು ಕೊಡಲು ಖಗೋಳಶಾಸ್ತ್ರಜ್ಞರು, ನೌಕಾಧಿಕಾರಿಗಳು, ಸಂಸತ್ ಸದಸ್ಯರು ಕೂಡಿದ ಒಂದು ರೇಖಾಂಶ ಮಂಡಳಿಯೂ ನೇಮಕವಾಯಿತು. ಸಲಹೆ ಕೊಟ್ಟವರಲ್ಲಿ ನ್ಯೂಟನ್ನನೂ ಒಬ್ಬ. ಗಡಿಯಾರದಿಂದ ಈ ಕೆಲಸವಾದೀತೆಂಬ ಭರವಸೆ ಅವನಿಗಿರಲಿಲ್ಲ. ಉತ್ತರ ಬರುವುದಾದರೆ ಆಕಾಶದಿಂದ ಬರಬೇಕು ಎಂಬುದು ಪಂಡಿತರ ಒಟ್ಟು ಅಭಿಪ್ರಾಯ.

ಆಗ ಜಾನ್ ಹ್ಯಾರಿಸನ್‌ಗೆ 21 ವರ್ಷ. ಹುಟ್ಟಿದ್ದು 1693ರಲ್ಲಿ, ಯಾರ್ಕ್‌ಷೈರಿನ ಫೌಲ್ಬಿ ಎಂಬ ಪುಟ್ಟ ಹಳ್ಳಿಯಲ್ಲಿ. ತಂದೆ ಬಡಗಿ. ಮಗು ಇನ್ನೂ ಚಿಕ್ಕದಿರುವಾಗಲೇ ಸಂಸಾರ ಹಂಬರ್ ನದಿಯ ದಕ್ಷಿಣಕ್ಕೆ, ಲಿಂಕನ್‌ಷೈರಿನ ಬ್ಯಾರೋ ಎಂಬ ಊರಿಗೆ ಬಂತು. ಅಪ್ಪನ ಉಳಿ-ಬಾಚಿಗಳೊಡನೆ ಬೆಳೆದ ಹುಡುಗನಿಗೆ ಸಂಗೀತವೂ ಬರುತ್ತಿತ್ತು. ಊರಿನ ಚರ್ಚಿನಲ್ಲಿ ಹಾಡುತ್ತಿದ್ದ, ಗಂಟೆಗಳ ಶ್ರುತಿ ಹಿಡಿಯುತ್ತಿದ್ದ. ಊರಿಗೆ ಬಂದ ಪಾದ್ರಿಯೊಬ್ಬ ಕೇಂಬ್ರಿಜಿನ ಗಣಿತ ಪ್ರಾಧ್ಯಾಪಕ ಸಾಂಡರ್ಸನ್‌ನ ಉಪನ್ಯಾಸಗಳ ಕೈಬರಹದ ಪ್ರತಿಯನ್ನು ಓದಲು ಕೊಟ್ಟನಂತೆ. ಹ್ಯಾರಿಸನ್ ಅದನ್ನು ಅಕ್ಷರ ಬಿಡದೆ ತನ್ನ ಕೈಯಲ್ಲೇ ಮತ್ತೊಂದು ಪ್ರತಿ ಮಾಡಿಟ್ಟುಕೊಂಡ. ಅವನ ವಿದ್ಯಾಭ್ಯಾಸ ಎಂದರೆ ಬಹುಮಟ್ಟಿಗೆ ಇಷ್ಟೇ.

1713ರಲ್ಲಿ, ಇಪ್ಪತ್ತು ತುಂಬುವ ಹೊತ್ತಿಗೆ, ಮೊದಲ ಗಡಿಯಾರ ಮಾಡಿದ. ಚಕ್ರಗಳೂ ಮರದವು! ಬಡಗಿಯ ಮಗ, ಅವನಿಗೆ ಗೊತ್ತಿದ್ದದ್ದು ಮರ. ಯಾವ ಮರದ ನಾರು ಯಾವ ಕಡೆ ಹರಿದರೆ ಹಲ್ಲು ಮುರಿಯುವುದಿಲ್ಲ ಎಂಬುದು ಅವನಿಗೆ ಕೈಯಲ್ಲೇ ಗೊತ್ತಿತ್ತು. ಸ್ವಲ್ಪ ಕಾಲದ ಮೇಲೆ, 1722ರ ಸುಮಾರಿಗೆ, ಬ್ರಾಕಲ್ಸ್‌ಬಿ ಪಾರ್ಕ್ ಎಂಬ ಜಮೀನ್ದಾರರ ಎಸ್ಟೇಟಿಗೆ ಒಂದು ಗೋಪುರದ ಗಡಿಯಾರ ಮಾಡಿಕೊಟ್ಟ. ಅದಕ್ಕೆ ಎಣ್ಣೆಯೇ ಬೇಡ. ತಾನೇ ಜಿಡ್ಡು ಒಸರುವ ಲಿಗ್ನಂ ವೈಟೀ ಎಂಬ ಉಷ್ಣವಲಯದ ಗಟ್ಟಿಮರವನ್ನು ಉಜ್ಜುವ ಕಡೆಗಳಲ್ಲೆಲ್ಲ ಕೂರಿಸಿದ್ದ. ಆ ಗಡಿಯಾರ ಇಂದಿಗೂ ನಡೆಯುತ್ತಿದೆ. ಮೂರು ಶತಮಾನದ ಹಿಂದೆ ಹಳ್ಳಿಯೊಂದರಲ್ಲಿ ಕೆತ್ತಿದ ಯಂತ್ರ!

ಮುಂದಿನ ವರ್ಷಗಳಲ್ಲಿ ತಮ್ಮ ಜೇಮ್ಸ್‌ನೊಡನೆ ಸೇರಿ ಮಾಡಿದ ಲೋಲಕದ ಗಡಿಯಾರಗಳೇ ಅವನನ್ನು ದೊಡ್ಡ ಸಾಹಸಕ್ಕೆ ಸಿದ್ಧಮಾಡಿದವು. ಬೇಸಿಗೆಯಲ್ಲಿ ಲೋಲಕ ಉದ್ದವಾಗುತ್ತದೆ, ಗಡಿಯಾರ ನಿಧಾನವಾಗುತ್ತದೆ. ಹಿತ್ತಾಳೆ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ ಎಂಬುದನ್ನು ಗಮನಿಸಿ, ಎರಡೂ ಲೋಹಗಳ ಒಂಬತ್ತು ಸರಳುಗಳನ್ನು ಕಿಟಕಿಯ ಸರಳಿನಂತೆ ಜೋಡಿಸಿ, ಒಂದು ಕೆಳಕ್ಕೆ ಹಿಗ್ಗಿದಷ್ಟನ್ನು ಇನ್ನೊಂದು ಮೇಲಕ್ಕೆ ಹಿಗ್ಗಿ ಸರಿದೂಗಿಸುವಂತೆ ಮಾಡಿದ. ಚಕ್ರವನ್ನು ಹಲ್ಲುಹಲ್ಲಾಗಿ ಬಿಡುವ ಭಾಗಕ್ಕೆ ಮಿಡತೆಯ ಕಾಲಿನಂತೆ ಒದೆದು ಹಾರುವ, ಉಜ್ಜಾಟವೇ ಇಲ್ಲದ ಏರ್ಪಾಟು ಮಾಡಿದ. ಗಡಿಯಾರ ಸರಿಯಾಗಿ ನಡೆಯುತ್ತಿದೆಯೆಂದು ತಿಳಿಯುವುದು ಹೇಗೆ? ಹಳ್ಳಿಯಲ್ಲಿ ವೀಕ್ಷಣಾಲಯ ಎಲ್ಲಿಂದ ಬರಬೇಕು? ತನ್ನ ಕಿಟಕಿಯ ಚೌಕಟ್ಟಿನ ಅಂಚು, ನೆರೆಮನೆಯ ಚಿಮಣಿಯ ಅಂಚು, ಎರಡನ್ನೂ ಒಂದೇ ಗೆರೆಯಲ್ಲಿ ಹಿಡಿದು ರಾತ್ರಿ ಕೂತ. ನಕ್ಷತ್ರವೊಂದು ಚಿಮಣಿಯ ಹಿಂದೆ ಮರೆಯಾಗುವ ಕ್ಷಣ ದಿನದಿನಕ್ಕೆ 3 ನಿಮಿಷ 56 ಸೆಕೆಂಡ್ ಮುಂಚೆ ಬರುತ್ತದೆ. ಎಣಿಸಿ ನೋಡಿದರೆ ಅವನ ಗಡಿಯಾರ ತಿಂಗಳಿಗೆ ಒಂದು ಸೆಕೆಂಡ್ ಮಾತ್ರ ತಪ್ಪುತ್ತಿತ್ತು. ಆ ಕಾಲದ ಲಂಡನ್ನಿನ ಅತ್ಯುತ್ತಮ ಕುಶಲಕರ್ಮಿಗಳಿಗೂ ಇದು ಎಟುಕದ ಮಾತು.

1730ರಲ್ಲಿ ಕಡಲಗಡಿಯಾರದ ನಕ್ಷೆ ಹಿಡಿದು ಲಂಡನ್ನಿಗೆ ಬಂದ. ಧೂಮಕೇತುವಿನಿಂದ ನಮಗೆಲ್ಲ ಪರಿಚಿತನಾದ ಎಡ್ಮಂಡ್ ಹ್ಯಾಲಿ ಆಗ ರಾಜ ಖಗೋಳಶಾಸ್ತ್ರಜ್ಞ. ಅವನು ಒಳ್ಳೆಯ ಮನಸ್ಸಿನಿಂದ ಕೇಳಿಸಿಕೊಂಡು, ದೇಶದ ಶ್ರೇಷ್ಠ ಗಡಿಯಾರಕಾರ ಜಾರ್ಜ್ ಗ್ರಹಾಂನ ಬಳಿಗೆ ಕಳುಹಿಸಿದ. ತನ್ನ ಗುಟ್ಟು ಕದ್ದಾರೆಂಬ ಭಯ ಹ್ಯಾರಿಸನ್‌ಗೆ. ಹಳ್ಳಿಯವನ ಮಾತು ಎಷ್ಟರದೋ ಎಂಬ ಅನುಮಾನ ಗ್ರಹಾಂನಿಗೆ. ಆದರೂ ಬೆಳಿಗ್ಗೆ ಶುರುವಾದ ಮಾತು ರಾತ್ರಿಯವರೆಗೆ ನಡೆಯಿತು. ಕೊನೆಗೆ ಗ್ರಹಾಂ ಬಡ್ಡಿಯಿಲ್ಲದೆ ಸಾಲ ಕೊಟ್ಟು ಬೀಳ್ಕೊಟ್ಟ. ವಿದ್ಯಾವಂತರೆಲ್ಲ ಹ್ಯಾರಿಸನ್‌ಗೆ ಅಡ್ಡ ನಿಂತರೆಂದು ಬರೆಯುವವರು ಈ ಇಬ್ಬರನ್ನು ಮರೆಯಬಾರದು.

ಐದು ವರ್ಷದಲ್ಲಿ ಮೊದಲ ಯಂತ್ರ ಸಿದ್ಧವಾಯಿತು. ತೂಕ 34 ಕಿಲೋ. ಲೋಲಕದ ಬದಲು ಎರಡು ತೂಗುದಂಡಗಳು. ಸ್ಪ್ರಿಂಗುಗಳಿಂದ ಒಂದಕ್ಕೊಂದು ಜೋಡಿಸಿದ್ದರಿಂದ ಹಡಗು ಯಾವ ಕಡೆ ವಾಲಿದರೂ ಒಂದರ ತಪ್ಪನ್ನು ಇನ್ನೊಂದು ತಿದ್ದುತ್ತದೆ. 1736ರಲ್ಲಿ ಅದರೊಡನೆ ಲಿಸ್ಬನ್ನಿಗೆ ಹೋಗಿ ಬಂದ. ಪಾಪ, ಹೋಗುವಾಗ ಕಡಲಬೇನೆ ಅವನನ್ನು ಹಣ್ಣು ಮಾಡಿತು. ಹಿಂದಿರುಗುವಾಗ ಇಂಗ್ಲೆಂಡಿನ ದಡ ಕಂಡಿತು. ಅದು ಸ್ಟಾರ್ಟ್ ಭೂಶಿರವೆಂದು ನಾವಿಕರು, ಅಲ್ಲ, ಲಿಜರ್ಡ್ ಎಂದು ಹ್ಯಾರಿಸನ್. ಬಡಗಿಯೇ ಸರಿ ಎಂದಾಯಿತು. ನಾವಿಕರ ಲೆಕ್ಕ ಸುಮಾರು 60 ಮೈಲಿ ತಪ್ಪಿತ್ತು.

ರೇಖಾಂಶ ಮಂಡಳಿ ಹುಟ್ಟಿ 23 ವರ್ಷವಾದ ಮೇಲೆ ಮೊದಲ ಬಾರಿಗೆ ಸಭೆ ಸೇರಿದ್ದು ಇವನ ಸಲುವಾಗಿ, 1737ರಲ್ಲಿ. ಸದಸ್ಯರಿಗೆ ಮೆಚ್ಚುಗೆಯಾಗಿತ್ತು. ಅಂದೇ ಅವನು ವೆಸ್ಟ್ ಇಂಡೀಸ್ ಪರೀಕ್ಷೆ ಕೇಳಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. ಆದರೆ ಹ್ಯಾರಿಸನ್ ಎದ್ದು ನಿಂತು ತನ್ನ ಯಂತ್ರದ ದೋಷಗಳನ್ನೇ ಹೇಳತೊಡಗಿದ. ಇನ್ನೂ ಚಿಕ್ಕದು, ಇನ್ನೂ ಒಳ್ಳೆಯದು ಮಾಡುತ್ತೇನೆಂದು ಸ್ವಲ್ಪ ಹಣ ಕೇಳಿದ. 500 ಪೌಂಡ್ ಮಂಜೂರಾಯಿತು, ಅರ್ಧ ಈಗ, ಅರ್ಧ ಆಮೇಲೆ. ಎರಡನೆಯ ಯಂತ್ರ ಎರಡು ವರ್ಷದಲ್ಲಿ ಮುಗಿಯಿತು, ಆದರೆ ಅದರ ತೂಗುದಂಡದಲ್ಲೊಂದು ಮೂಲದೋಷ ಕಂಡದ್ದರಿಂದ ಕಡಲಿಗೆ ಕಳುಹಿಸಲೇ ಇಲ್ಲ. ಮೂರನೆಯದಕ್ಕೆ ಹತ್ತೊಂಬತ್ತು ವರ್ಷ! 753 ಬಿಡಿಭಾಗಗಳು. ಅದು ಅವನು ಬಯಸಿದಷ್ಟು ನಿಖರವಾಗಲೇ ಇಲ್ಲ. ಹಾಗೆಂದು ಆ ಕಾಲ ವ್ಯರ್ಥವಾಯಿತೆನ್ನುವಂತಿಲ್ಲ. ಬಿಸಿಗೆ ತಾನೇ ಬಾಗುವ ಎರಡು ಲೋಹಗಳ ಬೆಸುಗೆಯ ಪಟ್ಟಿ ಅದರಲ್ಲಿ ಹುಟ್ಟಿತು. ಇಸ್ತ್ರಿಪೆಟ್ಟಿಗೆ ಕಾದೊಡನೆ ತಾನೇ ಆರುವುದು ಅದರ ಮರಿಮಕ್ಕಳಿಂದ. ಪಂಜರದೊಳಗೆ ಉರುಳುವ ರೋಲರ್ ಬೇರಿಂಗ್ ಕೂಡ ಅಲ್ಲಿಯದೇ. ಅದಿಲ್ಲದ ಯಂತ್ರ ಇಂದು ಹುಡುಕಬೇಕು. 1749ರಲ್ಲಿ ರಾಯಲ್ ಸೊಸೈಟಿ ತನ್ನ ಕಾಪ್ಲಿ ಪದಕ ಕೊಟ್ಟು ಗೌರವಿಸಿತು.

ಇಷ್ಟರಲ್ಲಿ ವಿಚಿತ್ರವೊಂದು ನಡೆಯಿತು. 1753ರಲ್ಲಿ ತನ್ನ ಸ್ವಂತ ಉಪಯೋಗಕ್ಕೆಂದು ಜಾನ್ ಜೆಫ್ರಿಸ್ ಎಂಬ ಕುಶಲಕರ್ಮಿಯಿಂದ ತನ್ನ ನಕ್ಷೆಯಂತೆ ಒಂದು ಜೇಬುಗಡಿಯಾರ ಮಾಡಿಸಿಕೊಂಡಿದ್ದ. ಅದು ನಿರೀಕ್ಷೆ ಮೀರಿ ಚೆನ್ನಾಗಿ ನಡೆಯಿತು. ದೊಡ್ಡ ತೂಗುದಂಡ ನಿಧಾನವಾಗಿ ಆಡುವುದಕ್ಕಿಂತ ಸಣ್ಣ ಚಕ್ರ ವೇಗವಾಗಿ ಆಡಿದರೆ ಹಡಗಿನ ಹೊಯ್ದಾಟ ಅದನ್ನು ಮುಟ್ಟುವುದಿಲ್ಲ ಎಂಬುದು ಅವನಿಗೆ ಹೊಳೆಯಿತು. ಅರವತ್ತು ದಾಟಿದ ಮನುಷ್ಯ, ಇಪ್ಪತ್ತೈದು ವರ್ಷ ನಂಬಿ ನಡೆದ ದಾರಿಯನ್ನು ಬಿಟ್ಟು ಮತ್ತೊಂದು ದಾರಿ ಹಿಡಿದ. ನನ್ನ ದೃಷ್ಟಿಯಲ್ಲಿ ಅವನ ಬಾಳಿನ ದೊಡ್ಡ ಸಾಹಸ ಇದೇ. 1759ರಲ್ಲಿ ಮುಗಿದ ಆ ನಾಲ್ಕನೆಯ ಗಡಿಯಾರದ ಅಗಲ 13 ಸೆಂಟಿಮೀಟರ್, ತೂಕ ಒಂದೂವರೆ ಕಿಲೋಗಿಂತ ಕಡಿಮೆ. ಸೆಕೆಂಡಿಗೆ ಐದು ಬಾರಿ ಟಿಕ್ಕೆನ್ನುತ್ತದೆ. ಒಳಗೆ ವಜ್ರ, ಮಾಣಿಕ್ಯ.

1761ರ ನವೆಂಬರ್ 18ರಂದು ಅದು ಡೆಟ್‌ಫರ್ಡ್ ಎಂಬ ಹಡಗಿನಲ್ಲಿ ಜಮೈಕಾಕ್ಕೆ ಹೊರಟಿತು. ತಂದೆಗೆ 68 ವರ್ಷ, ಆದ್ದರಿಂದ ಜೊತೆಗೆ ಹೋದವನು ಮಗ ವಿಲಿಯಂ. ದಾರಿಯಲ್ಲಿ ಕುಡಿಯಲು ಇಟ್ಟಿದ್ದ ಬಿಯರ್ ಕೆಟ್ಟು ನಾವಿಕರು ಕಂಗಾಲಾದರು. ಮಡೀರಾ ದ್ವೀಪಗಳು ಎಲ್ಲಿವೆಯೋ ಎಂಬ ಆತಂಕ. ಹಡಗಿನ ಲೆಕ್ಕ ಒಂದು ಹೇಳಿದರೆ ವಿಲಿಯಂನ ಗಡಿಯಾರ ಒಂದೂವರೆ ಡಿಗ್ರಿ ಬೇರೆ ಹೇಳಿತು. ಇದೇ ದಿಕ್ಕು ಹಿಡಿದರೆ ನಾಳೆ ದ್ವೀಪ ಕಾಣುತ್ತದೆಂದು ಅವನು ಪಟ್ಟು ಹಿಡಿದ. ಕಪ್ತಾನ ಪಂದ್ಯವನ್ನೇ ಕಟ್ಟಿದ. ಮರುದಿನ ಬೆಳಿಗ್ಗೆ ದ್ವೀಪ ಕಂಡಿತು. ಜನವರಿ 19ಕ್ಕೆ ಜಮೈಕಾ ಮುಟ್ಟಿ ಲೆಕ್ಕ ನೋಡಿದರೆ ಗಡಿಯಾರ ತಪ್ಪಿದ್ದು 5 ಸೆಕೆಂಡ್ ಮಾತ್ರ. ವಾಪಸು ಬರುವಾಗ ಬಿರುಗಾಳಿ. ಕೋಣೆಯೊಳಕ್ಕೆ ನೀರು ನುಗ್ಗುತ್ತಿದ್ದಾಗ ವಿಲಿಯಂ ಗಡಿಯಾರವನ್ನು ಕಂಬಳಿಯಲ್ಲಿ ಸುತ್ತಿಟ್ಟ. ಒದ್ದೆಯಾದ ಕಂಬಳಿಯನ್ನು ಹೊದ್ದು ಮಲಗಿ ಮೈಯ ಕಾವಿನಿಂದಲೇ ಒಣಗಿಸಿದ. ಹೋಗಿ ಬರುವ ಎರಡೂ ಪಯಣ ಸೇರಿ ತಪ್ಪು 2 ನಿಮಿಷ ದಾಟಲಿಲ್ಲ. ಶಾಸನ ಕೇಳಿದ್ದು ಒಂದು ಪಯಣಕ್ಕೆ ಅಷ್ಟು!

ಬಹುಮಾನ ಬಂತೇ? ಇಲ್ಲ. ಜಮೈಕಾದ ರೇಖಾಂಶವೇ ಖಚಿತವಾಗಿ ಗೊತ್ತಿಲ್ಲ, ಇದು ಕಾಕತಾಳೀಯವಿರಬಹುದು, ಇನ್ನೊಂದು ಪರೀಕ್ಷೆಯಾಗಲಿ ಎಂದಿತು ಮಂಡಳಿ. 1764ರಲ್ಲಿ ವಿಲಿಯಂ ಮತ್ತೆ ಹೊರಟ, ಈ ಸಲ ಬಾರ್ಬಡೋಸಿಗೆ. ಅಲ್ಲಿನ ಲೆಕ್ಕವನ್ನು ತಾಳೆ ನೋಡಲು ಬಂದು ಕೂತಿದ್ದವರಲ್ಲೊಬ್ಬ ಪಾದ್ರಿ ಹಾಗೂ ಖಗೋಳಜ್ಞ ನೆವಿಲ್ ಮ್ಯಾಸ್ಕಲೈನ್. ಚಂದ್ರನಿಗೂ ನಕ್ಷತ್ರಗಳಿಗೂ ನಡುವಿನ ಕೋನವನ್ನು ಅಳೆದು ರೇಖಾಂಶ ಕಾಣುವ ಪ್ರತಿಸ್ಪರ್ಧಿ ವಿಧಾನದ ದೊಡ್ಡ ಪ್ರತಿಪಾದಕ ಅವನು. ವಿಲಿಯಂ ಜಗಳಕ್ಕೇ ನಿಂತ. ಫಲಿತಾಂಶ: 47 ದಿನಕ್ಕೆ 39 ಸೆಕೆಂಡ್ ತಪ್ಪು, ಅಂದರೆ ಸುಮಾರು 10 ಮೈಲಿ. ಬಹುಮಾನಕ್ಕೆ ಬೇಕಾದದ್ದಕ್ಕಿಂತ ಮೂರು ಪಟ್ಟು ಒಳ್ಳೆಯದು. ಗಡಿಯಾರ ಮಿತಿಯೊಳಗೆ ನಡೆದಿದೆಯೆಂದು ಮಂಡಳಿ ಒಪ್ಪಿತು, ಆದರೂ ಹಣ ಕೊಡಲಿಲ್ಲ. 1765ರಲ್ಲಿ ಹೊಸ ಶಾಸನವೇ ಬಂತು. ಒಳಗಿನ ಗುಟ್ಟನ್ನೆಲ್ಲ ಬಿಚ್ಚಿ ಹೇಳಿದರೆ ಅರ್ಧ ಹಣ. ಬೇರೆಯವರೂ ಇಂಥದನ್ನು ಮಾಡಬಲ್ಲರೆಂದು ತೋರಿಸಿದರೆ ಇನ್ನರ್ಧ. ಅದೇ ವರ್ಷ ರಾಜ ಖಗೋಳಶಾಸ್ತ್ರಜ್ಞನಾಗಿ, ಆ ಹುದ್ದೆಯಿಂದಲೇ ಮಂಡಳಿಯ ಸದಸ್ಯನೂ ಆಗಿ ಬಂದವನು ಯಾರು? ಅದೇ ಮ್ಯಾಸ್ಕಲೈನ್.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಮ್ಯಾಸ್ಕಲೈನ್‌ನನ್ನು ಸಿನಿಮಾದ ಖಳನಾಯಕನಂತೆ ಚಿತ್ರಿಸುವುದು ಸುಲಭ. ಆದರೆ ಅವನ ಚಂದ್ರವಿಧಾನವೂ ನಿಜವಾಗಿ ಕೆಲಸ ಮಾಡುತ್ತಿತ್ತು. 1767ರಿಂದ ಅವನು ಹೊರತಂದ ನಾವಿಕ ಪಂಚಾಂಗ ಲಕ್ಷಾಂತರ ಜನರಿಗೆ ದಾರಿ ತೋರಿತು, ಲೋಕವೆಲ್ಲ ಗ್ರೀನಿಚ್ ರೇಖೆಯಿಂದ ಎಣಿಸುವುದಕ್ಕೆ ಅದೂ ಒಂದು ಮುಖ್ಯ ಕಾರಣ. ಒಬ್ಬನ ಕೈಚಳಕದಿಂದ ಒಂದೇ ಒಂದು ಗಡಿಯಾರ ಹುಟ್ಟಿದರೆ ನೌಕಾಪಡೆಗೇನು ಬಂತು ಎಂಬ ಮಂಡಳಿಯ ಪ್ರಶ್ನೆಯೂ ಹುರುಳಿಲ್ಲದ್ದಲ್ಲ. ತಪ್ಪಾದದ್ದು ಆಟದ ನಡುವೆ ನಿಯಮ ಬದಲಿಸಿದ್ದು, ಮತ್ತು ಪ್ರತಿಸ್ಪರ್ಧಿಯನ್ನೇ ತೀರ್ಪುಗಾರನ ಪೀಠದಲ್ಲಿ ಕೂರಿಸಿದ್ದು.

ಮುದುಕ ರೇಗಾಡಿದ, ಕೊನೆಗೆ ಒಪ್ಪಿದ. ಆಗಸ್ಟಿನಲ್ಲಿ ಲಂಡನ್ನಿನ ರೆಡ್ ಲಯನ್ ಚೌಕದ ತನ್ನ ಮನೆಯಲ್ಲಿ ಆರು ದಿನ ಸಮಿತಿಯ ಮುಂದೆ ಗಡಿಯಾರವನ್ನು ಒಂದೊಂದು ತಿರುಪಾಗಿ ಬಿಚ್ಚಿ ತೋರಿಸಿದ. ಹಿಂದೆ ಕೊಟ್ಟದ್ದನ್ನು ಕಳೆದು 10,000 ಪೌಂಡ್ ಲೆಕ್ಕ ತೀರಿತು. ಉಳಿದರ್ಧಕ್ಕೆ ಇನ್ನೂ ಎರಡು ಗಡಿಯಾರ ಮಾಡಿಕೊಡು ಎಂದರು; ಆದರೆ ನೋಡಿ ಮಾಡಲು ನಾಲ್ಕನೆಯದನ್ನು ಅವನ ಬಳಿ ಬಿಡಲಿಲ್ಲ. 1766ರ ಮೇ ತಿಂಗಳಲ್ಲಿ ಮ್ಯಾಸ್ಕಲೈನ್ ಗಾಡಿ ತಂದು ದೊಡ್ಡ ಯಂತ್ರಗಳು ಮೂರನ್ನೂ ಗ್ರೀನಿಚ್‌ಗೆ ಹೊರಿಸಿದ. ಸಾಗಿಸುವಾಗ ಆಳುಗಳ ಕೈಯಿಂದ ಮೊದಲನೆಯದು ಜಾರಿ ಬಿತ್ತು. ಮೂವತ್ತು ವರ್ಷ ಕಣ್ಣಮುಂದೆ ಟಿಕ್ ಟಿಕ್ ಎನ್ನುತ್ತಿದ್ದ ಯಂತ್ರ ಬಿದ್ದ ಸುದ್ದಿ ಕೇಳಿ ಆ ಮನೆಯಲ್ಲಿ ಅಂದು ಏನಾಗಿದ್ದೀತು ಎಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ತಂದೆ-ಮಗ ಇಬ್ಬರೂ ಕೂಡಿ ಐದನೆಯ ಗಡಿಯಾರ ಮುಗಿಸುವ ಹೊತ್ತಿಗೆ ಹ್ಯಾರಿಸನ್ ಎಂಬತ್ತರ ಹತ್ತಿರ ಬಂದಿದ್ದ. ಕಣ್ಣು ಮಂದ, ಕೈಯಲ್ಲಿ ವಾಯುವಿನ ನೋವು. 1772ರಲ್ಲಿ ವಿಲಿಯಂ ನೇರವಾಗಿ ದೊರೆ ಮೂರನೆಯ ಜಾರ್ಜ್‌ಗೆ ಅಹವಾಲು ಕಳಿಸಿದ. ದೊರೆಗೆ ಯಂತ್ರಗಳ ಹುಚ್ಚಿತ್ತು, ರಿಚ್‌ಮಂಡಿನಲ್ಲಿ ಸ್ವಂತ ವೀಕ್ಷಣಾಲಯವಿತ್ತು. ಇವರಿಗೆ ಅನ್ಯಾಯವಾಗಿದೆಯೆಂದು ಕೆರಳಿ, ಗಡಿಯಾರವನ್ನು ತಾನೇ ಪರೀಕ್ಷೆಗೆ ಹಚ್ಚಿದ. ಮೊದಲು ಅದು ಅಡ್ಡಾದಿಡ್ಡಿ ಓಡಿ ಎಲ್ಲರ ಮುಖ ಬಾಡಿತು. ಹತ್ತಿರದ ಕಪಾಟಿನಲ್ಲಿ ಅಯಸ್ಕಾಂತದ ಕಲ್ಲುಗಳನ್ನು ಇಟ್ಟಿದ್ದುದು ಆಮೇಲೆ ನೆನಪಾಯಿತಂತೆ! ಅವನ್ನು ತೆಗೆದ ಮೇಲೆ ಹತ್ತು ವಾರದ ಪರೀಕ್ಷೆಯಲ್ಲಿ ದಿನಕ್ಕೆ ಸರಾಸರಿ ಮೂರನೆಯ ಒಂದು ಸೆಕೆಂಡ್ ತಪ್ಪಿತು, ಅಷ್ಟೇ. ದೊರೆಯ ಬೆಂಬಲ ಕಂಡು 1773ರಲ್ಲಿ ಸಂಸತ್ತು 8,750 ಪೌಂಡ್ ಕೊಟ್ಟಿತು. ಅದು ಸಂಸತ್ತಿನ ಕೊಡುಗೆಯಾಗಿ ಬಂತೇ ಹೊರತು ಮಂಡಳಿಯ ಬಹುಮಾನವಾಗಿ ಅಲ್ಲ. ಆ ಬಹುಮಾನವನ್ನು ಅವನಿಗೂ ಕೊಡಲಿಲ್ಲ, ಬೇರೆ ಯಾರಿಗೂ ಕೊಡಲಿಲ್ಲ.

ಆ ವೇಳೆಗೆ ಅದಕ್ಕಿಂತ ದೊಡ್ಡ ತೀರ್ಪು ಕಡಲಿನ ಮೇಲೆ ಬರೆದಾಗುತ್ತಿತ್ತು. ಲಾರ್ಕಂ ಕೆಂಡಾಲ್ ಎಂಬ ಗಡಿಯಾರಕಾರ ನಾಲ್ಕನೆಯ ಗಡಿಯಾರವನ್ನು ನೋಡಿ ತದ್ರೂಪು ಮಾಡಿದ್ದ. ಕಪ್ತಾನ ಕುಕ್ ಅದನ್ನು ತನ್ನ ಎರಡನೆಯ ಮಹಾಯಾನಕ್ಕೆ ಒಯ್ದ. ಅಂಟಾರ್ಕ್ಟಿಕದ ಹಿಮದಿಂದ ಪೆಸಿಫಿಕ್ಕಿನ ಸೆಖೆಯವರೆಗೆ ಮೂರು ವರ್ಷ ಸುತ್ತಿ 1775ರ ಜುಲೈನಲ್ಲಿ ಮರಳಿದಾಗ, ಅದನ್ನು ಬಾಯಿತುಂಬ ಹೊಗಳಿದ. ಬೇರೆಯವರೂ ಮಾಡಬಲ್ಲರೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತ್ತು, ಮತ್ತು ಆ ಉತ್ತರ ಬರುವಾಗ ಹ್ಯಾರಿಸನ್ ಬದುಕಿದ್ದ. 1776ರ ಮಾರ್ಚ್ 24ರಂದು ತೀರಿಕೊಂಡ. ಹ್ಯಾಂಪ್‌ಸ್ಟೆಡ್‌ನ ಚರ್ಚಿನ ಅಂಗಳದಲ್ಲಿ ಅವನ ಸಮಾಧಿ ಇದೆ. 1831ರಲ್ಲಿ ಡಾರ್ವಿನ್ ಏರಿದ ಬೀಗಲ್ ಹಡಗಿನಲ್ಲಿ ಇಂಥ ಗಡಿಯಾರಗಳು ಒಂದಲ್ಲ, ಇಪ್ಪತ್ತೆರಡು ಇದ್ದವು.

ಅವನ ಸ್ವಂತ ಯಂತ್ರಗಳು ಮಾತ್ರ ಗ್ರೀನಿಚ್‌ನಲ್ಲಿ ಧೂಳು ಹಿಡಿದು, ಹಿತ್ತಾಳೆ ಹಸಿರುಗಟ್ಟಿ ಬಿದ್ದಿದ್ದವು. 1920ರಲ್ಲಿ ರೂಪರ್ಟ್ ಗೌಲ್ಡ್ ಎಂಬ ನೌಕಾಧಿಕಾರಿ ಅವನ್ನು ಕಂಡು ಮರುಗಿ, ಹತ್ತಾರು ವರ್ಷ ಉಜ್ಜಿ, ತಿದ್ದಿ ಮತ್ತೆ ನಡೆಸಿದ. 2006ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅವನ ಹೆಸರಿನ ಕಲ್ಲು ಹಾಕಿದರು. ಸಾಲ ಕೊಟ್ಟ ಗ್ರಹಾಂ ಮಲಗಿರುವುದೂ ಅಲ್ಲೇ. ಆ ಕಲ್ಲಿನ ಮೇಲೆ ರೇಖಾಂಶವನ್ನು ಗುರುತಿಸುವ ಗೆರೆಯನ್ನು ಎಳೆದಿರುವುದು ಎರಡು ಲೋಹಗಳ ಪಟ್ಟಿಯಿಂದ.

ಸಾಯುವ ಮುಂಚಿನ ವರ್ಷ ಹ್ಯಾರಿಸನ್ ಒಂದು ಪುಸ್ತಕ ಪ್ರಕಟಿಸಿದ್ದ. ಅವನ ಬರವಣಿಗೆ ಎಂಥ ತಾಳ್ಮೆಯವರಿಗೂ ಕಬ್ಬಿಣದ ಕಡಲೆ. ಲೋಲಕದ ಗಡಿಯಾರವನ್ನು ತನ್ನ ರೀತಿಯಲ್ಲಿ ಮಾಡಿದರೆ 100 ದಿನಕ್ಕೆ ಒಂದು ಸೆಕೆಂಡಿನೊಳಗೆ ನಡೆಯುತ್ತದೆ ಎಂದು ಅವನು ಹೇಳಿಕೊಂಡಿದ್ದನ್ನು ಓದಿದವರು, ಮುದುಕನಿಗೆ ಅರಳುಮರಳು ಎಂದು ನಕ್ಕುಬಿಟ್ಟರು. ನಮ್ಮ ಕಾಲದಲ್ಲಿ ಕೆಲವರು ಅವನ ತತ್ವದಂತೆಯೇ ಒಂದು ಗಡಿಯಾರ ಮಾಡಿ ಗ್ರೀನಿಚ್‌ನಲ್ಲಿ ಪಾರದರ್ಶಕ ಪೆಟ್ಟಿಗೆಯೊಳಗಿಟ್ಟು, ಯಾರೂ ಮುಟ್ಟದಂತೆ ಮೊಹರು ಹಾಕಿದರು. 2015ರಲ್ಲಿ 100 ದಿನ ಕಳೆದ ಮೇಲೆ ಲೆಕ್ಕ ನೋಡಿದಾಗ ತಪ್ಪು ಒಂದು ಸೆಕೆಂಡಿನ ಎಂಟರಲ್ಲಿ ಐದು ಪಾಲು ಮಾತ್ರ ಇತ್ತು.